ಹೆರೆದರೂ ಹೋಗದ ಬಿಳುಪು

ಮೊನ್ನೆ ಬೆಳಿಗ್ಗೆ ಚಹಾ ಸೋಸುತ್ತಿದ್ದಾಗ ಹಿತ್ತಲ ಕಿಟಕಿಯಿಂದ ಒಂದು ಘಾಟು ಒಳಗೆ ಬಂತು. ಮೊದಲು ಗಂಟಲು ಹಿಡಿಯಿತು, ಆಮೇಲೆ ಕಣ್ಣು. ಹಿಂದಿನ ಮನೆಗೆ ಹೊಸದಾಗಿ ಬಂದ ಬಾಡಿಗೆಯವರು ಮಿಶ್ರಿ ಹುರಿಯುತ್ತಿದ್ದರು. ಮಿಶ್ರಿ ಎಂದರೆ ಕಲ್ಲುಸಕ್ಕರೆ ಎಂದುಕೊಳ್ಳುವ ಊರಿನವರಿಗಾಗಿ ಹೇಳುತ್ತೇನೆ: ನಮ್ಮ ನಿಪ್ಪಾಣಿಯಲ್ಲಿ ಮಿಶ್ರಿ ಎಂದರೆ ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಮಾಡಿದ ಪುಡಿ. ಹೆಂಗಸರು ಅದನ್ನು ಬೆರಳಿನಿಂದ ಹಲ್ಲಿಗೂ ಒಸಡಿಗೂ ತಿಕ್ಕುತ್ತಾರೆ. ಕೇಳಿದರೆ ಹಲ್ಲುಜ್ಜಲಿಕ್ಕೆ ಎನ್ನುತ್ತಾರೆ. ದಿನಕ್ಕೆ ನಾಲ್ಕು ಸಲ ಹಲ್ಲುಜ್ಜುವವರನ್ನು ನಾನು ಈ ಊರಲ್ಲೇ ನೋಡಿದ್ದು.

ಚಹಾ ಸೋಸುವುದನ್ನು ಅಲ್ಲಿಗೇ ಬಿಟ್ಟು ನಿಂತೆ. ಆ ಘಾಟು ಬಂದರೆ ನನಗೆ ನೆನಪಾಗುವುದು ಒಬ್ಬಳೇ…

ಎಂಬತ್ತರ ದಶಕದ ಶುರುವಿನಲ್ಲಿ ನಾನು ಅಥಣಿಯಿಂದ ಇಲ್ಲಿಗೆ ಸೊಸೆಯಾಗಿ ಬಂದೆ. ಒಂದೇ ಸಾಲಿನಲ್ಲಿ ಎಂಟು ಮನೆಗಳಿದ್ದ ಚಾಳು, ಎಂಟಕ್ಕೂ ಒಂದೇ ನಲ್ಲಿ. ನಮ್ಮ ಗೋಡೆಯ ಆಚೆ ಇದ್ದವಳನ್ನು ಚಾಳಿಗೆ ಚಾಳೇ ‘ಮಾವಶಿ’, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಏಕಸಂಬಿಯಲ್ಲಿ ತಂಗಿಯ ಮಗಳೊಬ್ಬಳು ಇದ್ದಳು, ಅಷ್ಟೇ. ಮಾವಶಿ ತಂಬಾಕಿನ ಗೋದಾಮಿಗೆ, ನಮ್ಮ ಕಡೆಯ ಮಾತಲ್ಲಿ ವಖಾರಿಗೆ, ಎಲೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಅವಳು ಓಣಿಗೆ ಬಂದಳೆಂದರೆ ಒಳಗೆ ಕುಳಿತವರೂ ಸೀನುತ್ತಿದ್ದರು.

ಅವಳ ಅವ್ವ ಏಕಸಂಬಿಯಲ್ಲಿ ಸೂಲಗಿತ್ತಿಯಾಗಿದ್ದಳಂತೆ. ಅವಳಿಂದ ಮಾವಶಿ ಒಂದು ವಿದ್ಯೆ ಕಲಿತಿದ್ದಳು, ನಾಲಿಗೆ ನೋಡುವುದು. ಮಗುವಿಗೆ ಮೈ ಬೆಚ್ಚಗಾದರೆ, ಊಟ ಸೇರದಿದ್ದರೆ ತಾಯಂದಿರು ಮೊದಲು ಅವಳ ಕಟ್ಟೆಗೆ ಬರುತ್ತಿದ್ದರು. ಅವಳು ಗದ್ದಕ್ಕೆ ಬೆರಳು ಕೊಟ್ಟು ಮುಖವನ್ನು ಬೆಳಕಿನ ಕಡೆ ತಿರುಗಿಸಿ “ಆ ಅನ್ನು” ಎನ್ನುತ್ತಿದ್ದಳು. ನಾಲಿಗೆಯ ಮೇಲೆಲ್ಲಾ ಬಿಳಿ ಪದರು ಕಟ್ಟಿದ್ದರೆ ಹೊಟ್ಟೆ ಕಟ್ಟಿದೆ, ನೀರು ಕುಡಿಸು. ಹಳದಿಯಾಗಿದ್ದರೆ ಪಿತ್ತ. ಕೆಂಪಗೆ ನುಣ್ಣಗಾಗಿ ಬಿರಿದಿದ್ದರೆ ಹಾಲು, ಮಜ್ಜಿಗೆ, ಸೊಪ್ಪು ಸಾಲದು. ಬಿಳಿಚಿಕೊಂಡಿದ್ದರೆ ಮೈಯಲ್ಲಿ ರಕ್ತವಿಲ್ಲ. ಕರ್ರಗಾಗಿದ್ದರೆ ರಕ್ತದ ಟಾನಿಕ್ಕು ಕುಡಿದದ್ದು, ಹೆದರಬೇಡ. ನೀಲಿಯಾಗಿದ್ದರೆ ಸಾಲೆ ತಪ್ಪಿಸಿ ನೇರಳೆಹಣ್ಣು ತಿಂದದ್ದು, ಎರಡು ಬಾರಿಸು. ಕಡೆಗೆ ತಾಮ್ರದ ಪಟ್ಟಿಯಿಂದ ಮೆಲ್ಲಗೆ ಹೆರೆದು ನೋಡುತ್ತಿದ್ದಳು. ಅದಕ್ಕೊಂದು ಮಾತಿತ್ತು ಅವಳದು:

“ಹೆರದರ ಹೋಗೂದು ಹೊಟ್ಟೀದು. ಹೆರದರೂ ಹೋಗಲಿಲ್ಲಂದ್ರ ಡಾಕ್ಟರದು.”

ನನ್ನ ಮಗಳಿಗೆ ಐದು ವರ್ಷವಿದ್ದಾಗ ಮೂರು ದಿನ ಜ್ವರ ಇಳಿಯಲಿಲ್ಲ. ನಮ್ಮತ್ತೆ ದೃಷ್ಟಿ ತೆಗೆದಿದ್ದಾಯಿತು, ಕಷಾಯ ಕುಡಿಸಿದ್ದಾಯಿತು. ಮಾವಶಿ ವಖಾರಿಗೆ ಹೊರಟವಳು ಬುತ್ತಿ ಗಂಟು ಕೆಳಗಿಟ್ಟು ಮಗುವಿನ ಬಾಯಿ ತೆರೆಸಿದಳು. “ನಡಬರಕ ಬೆಳ್ಳಗ, ಅಂಚೆಲ್ಲಾ ಕೆಂಪ. ಇದು ಅಜೀರ್ಣದ್ದಲ್ಲ ತಂಗಿ. ಏಳು, ಈಗಿಂದೀಗ ದವಾಖಾನಿಗೆ ನಡಿ” ಎಂದಳು. ನನ್ನ ಗಂಡ ಊರಲ್ಲಿರಲಿಲ್ಲ. ಅವತ್ತಿನ ಕೆಲಸ ಬಿಟ್ಟು ಮಗುವನ್ನು ತಾನೇ ಹೆಗಲಿಗೆ ಹಾಕಿಕೊಂಡು ನಡೆದಳು. ರಕ್ತ ನೋಡಿದ ಡಾಕ್ಟರರು ಟೈಫಾಯಿಡ್ ಎಂದರು, ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದರು. ನನ್ನ ಮಗಳು ಉಳಿದದ್ದು ಮಾವಶಿಯ ಕಣ್ಣಿನಿಂದ. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಮುಂದಿನದನ್ನು ಮಾತ್ರ ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಅದಾಗಿ ಮೂರು ವರ್ಷಕ್ಕಿರಬೇಕು. ಅತ್ತೆ ತೀರಿಕೊಂಡಿದ್ದರು. ಒಂದು ಮಧ್ಯಾಹ್ನ ಮೆಣಸಿನಕಾಯಿ ಭಜಿ ಕರಿದು ಮಾವಶಿಗೂ ಕೊಟ್ಟೆ. ಹಸಿ ಮೆಣಸಿನಕಾಯಿ ಕಚ್ಚಿಕೊಂಡು ರೊಟ್ಟಿ ತಿನ್ನುವ ಹೆಂಗಸು ಒಂದು ತುಂಡಿಗೇ ‘ಹಾ’ ಎಂದು ನಾಲಿಗೆ ಹೊರಗೆ ಚಾಚಿದಳು. ಎಡಗಡೆಯ ಅಂಚಿನಲ್ಲಿ ಉಗುರಿನಷ್ಟು ಜಾಗ ಬೆಳ್ಳಗಿತ್ತು, ಹಾಲಿನ ಕೆನೆ ಅಂಟಿದ ಹಾಗೆ. ಏನದು ಎಂದು ಕೇಳಿದೆ.

“ಎಲಿಗೆ ಸುಣ್ಣ ಜಾಸ್ತಿ ಆತವಾ, ಸುಟ್ಟೈತಿ” ಎಂದು ಬಾಯಿ ಮುಚ್ಚಿಕೊಂಡಳು.

ಎಲೆ ಅಡಿಕೆ ಹಾಕುವವರಿಗೆ ಸುಣ್ಣ ಸುಡುವುದು ಹೊಸದಲ್ಲ. ನಾಲ್ಕು ದಿನಕ್ಕೆ ಮಾಯುತ್ತದೆ. ನಾನು ನಂಬಿದೆ. ಆದರೆ ಐದಾರು ತಿಂಗಳಾದ ಮೇಲೆ ನಲ್ಲಿಯ ಹತ್ತಿರ ಅವಳು ನಾಲಿಗೆ ಹೆರೆಯುವುದನ್ನು ಕಂಡೆ. ಪಾತ್ರೆಯ ತಳ ಕೆರೆದ ಹಾಗೆ ಕೆರೆಯುತ್ತಿದ್ದಳು. ಪಟ್ಟಿಯ ಮೇಲೆ ರಕ್ತ ಇತ್ತು. ಬಿಳುಪು ಅಲ್ಲೇ ಇತ್ತು, ಮೊದಲಿಗಿಂತ ದೊಡ್ಡದಾಗಿತ್ತು.

“ಏನ್ರಿ ಮಾವಶಿ, ಇನ್ನೂ ಅದ ಸುಣ್ಣ ಏನ್ರಿ?” ಎಂದು ನಕ್ಕೆ. ಅವಳೂ ನಕ್ಕಳು. ನಾನು ಕೊಡ ತುಂಬಿಸಿಕೊಂಡು ಬಂದುಬಿಟ್ಟೆ.

ಅವಳ ಮಾತು ನನಗೆ ಬಾಯಿಪಾಠವಿತ್ತು. ನನ್ನ ಮಕ್ಕಳ ನಾಲಿಗೆಯನ್ನು ಅದೇ ಲೆಕ್ಕದಲ್ಲಿ ನೋಡುತ್ತಿದ್ದೆ. ಆದರೆ ಊರ ನಾಲಿಗೆ ನೋಡುವವಳಿಗೆ ‘ಎಲ್ಲಿ, ಆ ಅನ್ನರಿ’ ಎಂದು ನಾನು ಹೇಗೆ ಹೇಳುವುದು? ಸಂಕೋಚ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಬರೀ ಸಂಕೋಚವಲ್ಲ, ಸೋಮಾರಿತನವೂ ಇತ್ತು. ಹಪ್ಪಳದ ಹಿಟ್ಟು ನಾದುವುದಿತ್ತು, ಮನೆಗೆ ಬೀಗರು ಬರುವವರಿದ್ದರು, ದೊಡ್ಡವರ ಕಾಯಿಲೆ ದೊಡ್ಡವರು ನೋಡಿಕೊಳ್ಳುತ್ತಾರೆ ಎಂಬ ಧೈರ್ಯವಿತ್ತು…

ಆ ವರ್ಷದ ಚಳಿಗಾಲದಲ್ಲಿ ಮಾವಶಿ ಇದ್ದಕ್ಕಿದ್ದ ಹಾಗೆ ಮಿಶ್ರಿ ಬಿಟ್ಟಳು. ಚಾಳಿನ ಹೆಂಗಸರೆಲ್ಲ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಬಾಯಲ್ಲಿ ಬೆರಳಿಟ್ಟುಕೊಂಡೇ ಊರ ಸುದ್ದಿ ಮಾತಾಡುವ ಹೊತ್ತು ಅದು. ಮಾವಶಿ ಬರೀ ಕೈಯಲ್ಲಿ ಕುಳಿತಿರುತ್ತಿದ್ದಳು. ತಲೆಶೂಲೆ, ಹೊಟ್ಟೆ ಸರಿಯಿಲ್ಲ, ಎಲ್ಲರ ಮೇಲೂ ಸಿಡಿಮಿಡಿ. ನಲ್ಲಿಯ ಹತ್ತಿರ ಕೊಡ ಎತ್ತಿ ಒಗೆದಳು. “ಮಾವಶಿ ಸನ್ಯಾಸ ತಗೊಂಡಾಳ” ಎಂದು ಹೆಂಗಸರು ಕಾಡಿದರು. ಯಾಕೆ ಬಿಟ್ಟಿರಿ ಎಂದು ನಾನು ಒಂದು ಸಲ ಕೇಳಿದೆ. “ಬಿಟ್ಟೇನಿ, ಅಷ್ಟ” ಎಂದಳು. ನಾನು ಎರಡನೆಯ ಸಲ ಕೇಳಲಿಲ್ಲ.

ಅವಳ ಸಂಕಟ ನನಗೆ ನೋಡಲಾಗಲಿಲ್ಲ. ಮಗಳನ್ನು ಉಳಿಸಿಕೊಟ್ಟವಳಿಗೆ ನಾನು ಏನು ಮಾಡಿದ್ದೇನೆ ಎನಿಸಿತು. ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಒಂದಿತ್ತು. ಸಣ್ಣ ಉರಿಯಲ್ಲಿ, ಕೈ ಬಿಡದೆ ತಿರುವುತ್ತಾ, ಬೂದಿಯಾಗದಂತೆ ಮಿಶ್ರಿ ಹುರಿಯುವುದನ್ನು ಅತ್ತೆ ನನಗೆ ಅಳಿಸಿ ಅಳಿಸಿ ಕಲಿಸಿದ್ದರು. ‘ನಿನ್ನ ಕೈ ಹದ ಯಾರಿಗೂ ಇಲ್ಲ’ ಎಂದು ಮಾವಶಿಯೇ ಹೊಗಳಿದ್ದಳು. ಒಂದು ರವಿವಾರ ಒಳ್ಳೆಯ ಎಲೆ ತರಿಸಿ ಮಧ್ಯಾಹ್ನವೆಲ್ಲಾ ಕೆಮ್ಮುತ್ತಾ ಹುರಿದೆ. ಕುಟ್ಟಿ, ವಸ್ತ್ರಗಾಳಿಸಿ, ಚಹಾಪುಡಿಯ ಡಬ್ಬಿ ತುಂಬಿಸಿ ಅವಳ ಮನೆಗೆ ಒಯ್ದೆ.

ಡಬ್ಬಿಯನ್ನು ಅವಳು ಬಹಳ ಹೊತ್ತು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ಮುಚ್ಚಳ ತೆಗೆಯಲಿಲ್ಲ. ನನ್ನ ಮುಖ ನೋಡಿದಳು, ಡಬ್ಬಿ ನೋಡಿದಳು.

“ನೀ ಇಷ್ಟ ಜೀವಾ ತೇದು ಮಾಡಿ ತಂದೀದಿ, ಬ್ಯಾಡಂತ ಹೆಂಗ ಅನ್ಲಿ ತಂಗಿ?”

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಬೆರಳು ಬಾಯಲ್ಲಿಟ್ಟು ಕುಳಿತಿದ್ದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ಖುಷಿ ನನಗೇ ಆಗಿತ್ತು.

ವರ್ಷ ತುಂಬುವುದರೊಳಗೆ ಅವಳನ್ನು ಮಿರಜಿನ ದೊಡ್ಡ ದವಾಖಾನೆಗೆ ಒಯ್ದರು. ಬಿಳುಪು ಹುಣ್ಣಾಗಿತ್ತು, ಹುಣ್ಣು ಗಟ್ಟಿಯಾಗಿತ್ತು. ಅರ್ಧ ನಾಲಿಗೆ ತೆಗೆದಿದ್ದರು. ನೋಡಲು ಹೋದಾಗ ಮಾವಶಿಯ ತಂಗಿಯ ಮಗಳು ನನ್ನನ್ನು ಹೊರಗೆ ಕರೆದು ಹೇಳಿದಳು. ಹಿಂದಿನ ಚಳಿಗಾಲದಲ್ಲಿ ಮಾವಶಿ ಒಬ್ಬಳೇ ಬಸ್ಸು ಹತ್ತಿ ಚಿಕ್ಕೋಡಿಗೆ ಹೋಗಿ ಡಾಕ್ಟರರಿಗೆ ತೋರಿಸಿಕೊಂಡು ಬಂದಿದ್ದಳಂತೆ. ಮಿಶ್ರಿ, ಎಲೆ ಅಡಿಕೆ ಪೂರಾ ಬಿಟ್ಟು ತಿಂಗಳಿಗೆ ಮತ್ತೆ ಬಾ, ಚೂರು ತೆಗೆದು ಪರೀಕ್ಷೆ ಮಾಡಬೇಕು ಎಂದಿದ್ದರಂತೆ. ಎಲ್ಲರ ನಾಲಿಗೆ ನೋಡುವ ತನ್ನ ನಾಲಿಗೆಯೇ ಕೆಟ್ಟಿದೆ ಎಂದು ಚಾಳಿನಲ್ಲಿ ಹೇಳಲು ನಾಚಿಕೆಯಂತೆ.

“ಹದಿನೈದ ದಿನಾ ಬಿಟ್ಟಿದ್ಳರಿ ಕಾಕೂ. ಅಷ್ಟರಾಗ ಯಾರೋ ಹುರದ ತಂದ ಕೊಟ್ಟರಂತ. ಮತ್ತ ಹಚ್ಚಾಕ ಶುರು ಮಾಡಿದ್ಳು. ಹಚ್ಚಿದ ಮ್ಯಾಲ ಡಾಕ್ಟರ ಮುಂದ ಹೆಂಗ ಹೋಗ್ಲಿ ಅಂತ ಹೋಗಲೇ ಇಲ್ಲ.”

ಆ ‘ಯಾರೋ’ ನಾನೇ ಎಂದು ಅವಳಿಗೆ ಗೊತ್ತಿರಲಿಲ್ಲ. ಮಾವಶಿ ನನ್ನ ಹೆಸರು ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ಒಳಗೆ ಹೋದೆ. ಮಗಳೂ ಜೊತೆಗಿದ್ದಳು. ಮಾವಶಿ ಅವಳನ್ನು ಹತ್ತಿರ ಕರೆದು ಗದ್ದಕ್ಕೆ ಬೆರಳು ಕೊಟ್ಟು ಕಿಟಕಿಯ ಕಡೆ ತಿರುಗಿಸಿದಳು. ಮಗಳು ಅರ್ಥಮಾಡಿಕೊಂಡು ನಾಲಿಗೆ ಚಾಚಿದಳು. ಮಾವಶಿ ನೋಡಿ, ಸರಿಯಿದೆ ಎಂದು ತಲೆಯಾಡಿಸಿದಳು. ತಪ್ಪಾಯಿತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳಿಗೆ ಉತ್ತರ ಕೊಡಲು ಬರುವುದಿಲ್ಲವಲ್ಲ, ಹೇಳಿ ಯಾಕೆ ನೋಯಿಸಲಿ ಎಂದು ನುಂಗಿಕೊಂಡೆ. ಮಾತು ಹೋಗಿದ್ದು ಅವಳದು, ನನ್ನದಲ್ಲ. ಮುಂದಿನ ಯುಗಾದಿಯನ್ನು ಅವಳು ನೋಡಲಿಲ್ಲ…

ಮೊನ್ನೆ ಚಹಾ ಆರಿಹೋಗುವವರೆಗೆ ನಿಂತಿದ್ದವಳು ಹಿಂದಿನ ಮನೆಗೆ ಹೋದೆ. ಒಲೆಯ ಮುಂದೆ ಸಣ್ಣ ವಯಸ್ಸಿನ ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಂಚಿನ ಮೇಲೆ ಕೈಯಾಡಿಸುತ್ತಿದ್ದಳು. “ಹದಾ ಆಗೇತೇನ ನೋಡ್ರಿ ಕಾಕೂ, ನಮ್ಮ ಅತ್ತಿಗೆ ಬೇಕಾಗೇತಿ” ಎಂದಳು. ಹದ ಸರಿಯಾಗಿತ್ತು. ನಾನು ಅದನ್ನು ಹೇಳಲಿಲ್ಲ. ಹಂಚು ಕೆಳಗಿಳಿಸು, ನಿಮ್ಮತ್ತೆಯನ್ನು ಕರಿ ಎಂದೆ.

ಬಂದ ಅತ್ತೆ ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ನಾಲಿಗೆ ತೋರಿಸು ಎಂದರೆ ಸೆರಗಿನಲ್ಲಿ ಬಾಯಿ ಮುಚ್ಚಿ ನಾಚಿದಳು. ನಾನು ಬಿಡಲಿಲ್ಲ. ಗದ್ದಕ್ಕೆ ಬೆರಳು ಕೊಟ್ಟು ಬಾಗಿಲಿನ ಬೆಳಕಿಗೆ ತಿರುಗಿಸಿ ಮೇಲೆ, ಕೆಳಗೆ, ಎರಡೂ ಅಂಚು ನೋಡಿದೆ. ಸ್ವಚ್ಛವಾಗಿತ್ತು. ಇನ್ನು ಮಿಶ್ರಿ ಸಾಕು ಮಾಡು ಎಂದೆ. ಯಾಕೆ ಎಂದಳು. ಅವರಿಬ್ಬರಿಗೂ ಮಾವಶಿಯ ಕಥೆ ಹೇಳಿದೆ, ಡಬ್ಬಿಯದನ್ನೂ ಸೇರಿಸಿ. ಕೇಳಿ ಬಿಡುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ.

ಮನೆಗೆ ಬಂದು ಅಡುಗೆಮನೆಯಲ್ಲಿ ಕುಳಿತು ಅತ್ತುಬಿಟ್ಟೆ. ಆ ಹೆಂಗಸಿನ ನಾಲಿಗೆ ನೋಡಲು ನನಗೆ ಒಂದು ನಿಮಿಷವೂ ಹಿಡಿದಿರಲಿಲ್ಲ.