ಅಡಿಕೆ ಕಾಟಾ ಮೇಲೆ ತೂಗಿದ ಸೈಕಲ್

ಆ ವರ್ಷಗಳಲ್ಲಿ ನಮ್ಮ ಸಾಗರದಲ್ಲಿ ಹೊಸ ಸೈಕಲ್ ಎಂದರೆ ದಪ್ಪ ಟೈರು, ಹಿಂದೆ ಮುಂದೆ ಸ್ಪ್ರಿಂಗು, ಮೈತುಂಬ ಮಿಂಚುವ ಸ್ಟಿಕ್ಕರು. ಮೊಬೈಲು ಮನೆಗೊಂದಿತ್ತು, ಅದೂ ಅಪ್ಪಂದಿರ ಜೇಬಿನಲ್ಲಿ. ಬೇಸಿಗೆ ರಜೆಯಲ್ಲಿ ಬೆಳಿಗ್ಗೆ ಬೀದಿಗಿಳಿದರೆ ಸಂಜೆಯವರೆಗೂ ನಮ್ಮನ್ನು ಯಾರೂ ಹುಡುಕುತ್ತಿರಲಿಲ್ಲ. ಹೀಗೆಂದು ನನ್ನ ನೆನಪು. ಅಮ್ಮನನ್ನು ಕೇಳಿದರೆ, "ಹುಡುಕಿ ಹುಡುಕಿ ಕಾಲು ಬಿದ್ದುಹೋಗ್ತಿತ್ತು" ಎನ್ನುತ್ತಾಳೆ. ಆದ್ದರಿಂದ ಮುಂದೆ ಬರೆಯುವುದನ್ನೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ.

ನಮ್ಮ ಮುಖ್ಯ ಆಟ ನಿಧಾನ ಸೈಕಲ್. ಮೈದಾನದಲ್ಲಿ ಎಲ್ಲರಿಗಿಂತ ಮೆಲ್ಲಗೆ ಹೊಡೆಯಬೇಕು, ಕಾಲು ನೆಲಕ್ಕೆ ಇಟ್ಟವರು ಔಟು. ನಾನು ಬಾಡಿಗೆ ಸೈಕಲ್ಲಿನಲ್ಲೇ ಆಡುತ್ತಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದರೆ ಸ್ವಂತದ್ದು ಎಂದು ಅಪ್ಪಯ್ಯ ಮಾತು ಕೊಟ್ಟಿದ್ದರು. ಪಾಸಾದೆ.

ರಫೀಕಣ್ಣನ ಸೈಕಲ್ ಅಂಗಡಿಯಲ್ಲಿ ಅಪ್ಪಯ್ಯನ ಕೈಗೆಟಕುವಂಥವು ಎರಡೇ ಇದ್ದವು. ಒಂದು ಎಲ್ಲರೂ ಬಯಸುವ ಕಿತ್ತಳೆ ಬಣ್ಣದ ಸ್ಪ್ರಿಂಗ್ ಸೈಕಲ್. ಇನ್ನೊಂದು ಬೂದು ಬಣ್ಣದ್ದು. ಹೆಬ್ಬೆರಳಗಲದ ಟೈರು, ಟಗರಿನ ಕೋಡಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್. ಯಾರೋ ಹೇಳಿ ತರಿಸಿ ಕೊನೆಗೆ ಬೇಡವೆಂದು ಬಿಟ್ಟುಹೋಗಿದ್ದರಂತೆ. ಅದಕ್ಕೇ ಅದು ನಮ್ಮ ಬೆಲೆಗೆ ಇಳಿದಿತ್ತು. ಅಂಥದ್ದೇ ಸೈಕಲ್ಲಿನಲ್ಲಿ ಜೋಗದ ಕಡೆ ಹೊರಟಿದ್ದವನೊಬ್ಬ ಅದರ ಹಿಂದಿನ ಚಳಿಗಾಲದಲ್ಲಿ ಪಂಕ್ಚರ್ ಹಾಕಿಸಲು ಅಲ್ಲಿ ನಿಂತಿದ್ದ. ಅವನ ಸೈಕಲ್ಲನ್ನು ನಾನು ಎರಡೇ ಬೆರಳಲ್ಲಿ ಎತ್ತಿ ನೋಡಿದ್ದೆ. ಆವತ್ತಿನಿಂದ ನನಗೆ ಬೇರೆ ಯಾವುದೂ ಬೇಕಿರಲಿಲ್ಲ.

"ನಮ್ಮ ರಸ್ತೆಗೆ ಈ ಟೈರಾ? ಒಂದೇ ವಾರ, ನೋಡ್ತಾ ಇರು" ಎಂದ ಪ್ರಶಾಂತಣ್ಣ. ದೊಡ್ಡಪ್ಪನ ಮಗ, ನನಗಿಂತ ಎರಡು ವರ್ಷ ದೊಡ್ಡವನು. ಕಿತ್ತಳೆಯದು ಮನೆಗೆ ಬಂದರೆ ಅರ್ಧ ದಿನ ಅವನದೇ ಎಂಬುದು ನನಗೆ ಗೊತ್ತಿತ್ತು.

"ಬರೀ ಟೈರ್ ನೋಡ್ಬೇಡ್ವೋ" ಎಂದ ರಫೀಕಣ್ಣ. "ಬಾ ಇಲ್ಲಿ ಶುಭಾ, ಬಾರಿನ ಎರಡೂ ಕಡೆ ಕಾಲು ಹಾಕಿ ನಿಲ್ಲು. ನೋಡಿ, ಎರಡು ಬೆರಳು ಸಂದಿ ಉಂಟು. ಅಳತೆ ಇವಳದ್ದೇ." ಚಕ್ರ ಎತ್ತಿ ತಿರುಗಿಸಿದ. ಅದು ಬ್ರೇಕಿನ ರಬ್ಬರಿಗೆ ಎಲ್ಲೂ ತಾಗದೆ ತಿರುಗುತ್ತಲೇ ಇತ್ತು. ಗ್ರೀಸು ಮತ್ತು ಹೊಸ ರಬ್ಬರಿನ ವಾಸನೆ.

ಅಪ್ಪಯ್ಯ ಅಡಿಕೆ ಮಂಡಿಯಲ್ಲಿ ತೂಕದವರು. ಸೈಕಲ್ಲಿನ ಬಗ್ಗೆ ಏನೂ ತಿಳಿಯದು. ಆದರೆ ಕಾಟಾ ಮೇಲೆ ಇಡದ ಯಾವುದನ್ನೂ ನಂಬಿದವರಲ್ಲ. "ಎರಡ್ನೂ ಮಂಡಿಗೆ ತನ್ನಿ. ತೂಗಿ ನೋಡುವ" ಎಂದರು.

ಪ್ರಶಾಂತಣ್ಣ ನಕ್ಕುಬಿಟ್ಟ. ನನಗೆ ನಾಚಿಕೆಯಾಯಿತು.

ಮಂಡಿಯ ತುಂಬ ಗೋಣಿಚೀಲದ, ಬೇಯಿಸಿದ ಅಡಿಕೆಯ ಒಗರು ವಾಸನೆ. ಹಮಾಲಿ ಮಂಜಪ್ಪ ಬೂದು ಸೈಕಲ್ಲಿನ ಟೈರನ್ನು ಹೆಬ್ಬೆರಳಲ್ಲಿ ಒತ್ತಿ, ಗೋಟಡಿಕೆ ಪರೀಕ್ಷಿಸುವವನ ಗಾಂಭೀರ್ಯದಿಂದ, "ಮಾಲು ಗಟ್ಟಿ ಇದೆ" ಎಂದ. ಎರಡನ್ನೂ ತೂಗಿದರು. ಕಿತ್ತಳೆಯದು ತುಂಬ ಭಾರ.

"ತಡೀರಿ" ಎಂದರು ಅಪ್ಪಯ್ಯ. "ಚೀಲದ ತೂಕ ಕಳೀಬೇಕು."

"ಸೈಕಲ್ಲಿಗೆ ಎಂತ ಚೀಲ ಮಾರಾಯ್ರೆ?" ಎಂದ ರಫೀಕಣ್ಣ.

"ಕ್ಯಾರಿಯರ್, ಸ್ಟ್ಯಾಂಡು, ಬೆಲ್ಲು, ಎಲ್ಲಾ ಚೀಲವೇ. ಬಿಚ್ಚಿ ರಫೀಕು."

ರಫೀಕಣ್ಣ ಗೊಣಗುತ್ತಲೇ ಸ್ಪ್ಯಾನರ್ ಹಿಡಿದ. ಬಿಚ್ಚಿದ ಮೇಲೂ ಕಿತ್ತಳೆಯದೇ ಭಾರ. ನಾಲ್ಕು ಕಿಲೋ ಹೆಚ್ಚು ಎಂದು ನನ್ನ ನೆನಪು. ಐದಿದ್ದರೂ ಇರಬಹುದು. ಆಮೇಲೆ ಅಪ್ಪಯ್ಯ ಅದರ ಸೀಟಿನ ಮೇಲೆ ಎರಡೂ ಕೈ ಊರಿ ಒತ್ತಿದರು. ಸ್ಪ್ರಿಂಗು ಕುಯ್ಯೆಂದು ತಗ್ಗಿತು. ಅವರ ಹುಬ್ಬು ಗಂಟಾಯಿತು.

"ಇದ್ಯಾಕೆ ತಗ್ಗುತ್ತೆ? ಕಾಟಾ ಅಡಿಗೆ ಹಲಗೆ ಅಲ್ಲಾಡಿದ್ರೆ ತೂಕ ಕೆಡ್ತದೆ. ಏರಿನಲ್ಲಿ ನೀನು ತುಳಿದದ್ದೆಲ್ಲ ಇದೇ ತಿಂದ್ಕೊಳ್ತದಲ್ಲೇ ಮಗಾ."

ರೋಡ್ ಬೈಕ್ ಎನ್ನುವ ಇಂಥ ಸೈಕಲ್ಲಿನ ಬಗ್ಗೆ ಆಮೇಲೆ ನಾನು ಓದಿದ್ದು ಬಹಳ. ಇದಕ್ಕಿಂತ ಸರಿಯಾಗಿ ಯಾರೂ ಹೇಳಿದ್ದಿಲ್ಲ.

ಪ್ರಶಾಂತಣ್ಣ ಸೋಲಲೊಪ್ಪಲಿಲ್ಲ. "ತೂಕ ಸರಿ ಚಿಕ್ಕಪ್ಪ, ಆದ್ರೆ ಇವಳ ಹತ್ರ ಆಗ್ಬೇಕಲ್ಲ? ವರದಹಳ್ಳಿ ಏರು ಹತ್ತಿಸ್ಲಿ. ಕಾಲು ಕೆಳಗಿಟ್ರೆ ಕಿತ್ತಳೆಯದೇ."

ಅಪ್ಪಯ್ಯ ನನ್ನ ಮುಖ ನೋಡಿದರು. "ಆಗಬಹುದು" ಎಂದೆ.

ಭಾನುವಾರದ ಮಟ್ಟಿಗೆ ರಫೀಕಣ್ಣ ಎರಡನ್ನೂ ಕೊಟ್ಟ. ಪ್ರಶಾಂತಣ್ಣ ಕಿತ್ತಳೆಯದರಲ್ಲಿ, ನಾನು ಬೂದು ಬಣ್ಣದ್ದರಲ್ಲಿ, ಹಿಂದೆ ಮೊಪೆಡ್ಡಿನಲ್ಲಿ ಅಪ್ಪಯ್ಯ, ಅವರ ಕೈಚೀಲದಲ್ಲಿ ಅಮ್ಮ ಕೊಟ್ಟ ಕೋಡುಬಳೆ. ಸಪಾಟು ರಸ್ತೆಯಲ್ಲಿ ಒಂದೊಂದು ಗುಂಡಿಯೂ ನನ್ನ ಹಲ್ಲಿಗೆ ತಾಗುತ್ತಿತ್ತು. ಅವನು ಸ್ಪ್ರಿಂಗಿನ ಮೇಲೆ ಉಯ್ಯಾಲೆಯಾಡುತ್ತ, "ಹೆಂಗೆ, ಸುಖವಾ?" ಎಂದು ಕೇಳುತ್ತಿದ್ದ.

ಏರು ಶುರುವಾದ ಮೇಲೆ ಅವನ ಮಾತು ನಿಂತಿತು. ಗೇರಿನ ಲಿವರು ಕೆಳಗಿನ ಕಂಬಿಯಲ್ಲಿತ್ತು. ಬದಲಿಸಲು ಒಂದು ಕೈ ಬಿಡಬೇಕು. ಬಿಟ್ಟೆ, ಓಲಾಡಿದೆ, ಹಿಡಿದೆ. ತೊಡೆ ಉರಿಯುತ್ತಿತ್ತು. ಕೊನೆಯ ತಿರುವಿನಲ್ಲಿ ಎದುರಿಗೆ ಜೀಪು ಬಂದು ರಸ್ತೆಯ ಅಂಚಿನ ಜಲ್ಲಿಗೆ ಸರಿಯಬೇಕಾಯಿತು. ಸಣ್ಣ ಟೈರು ಜಾರಿತು, ಸೈಕಲ್ ನಿಂತೇ ಹೋಯಿತು. ಬಲಗಾಲು ಪೆಡಲಿನಿಂದ ಎದ್ದಿತ್ತು. ಮೈದಾನದಲ್ಲಿ ನಿಧಾನ ಸೈಕಲ್ ಆಡಿ ಕಲಿತ ಒಂದೇ ವಿದ್ಯೆ ಆಗ ಕೈ ಹಿಡಿಯಿತು. ಹ್ಯಾಂಡಲ್ ಅಡ್ಡ ತಿರುಗಿಸಿ, ಎದ್ದ ಕಾಲನ್ನು ಮತ್ತೆ ಪೆಡಲಿಗೇ ಇಟ್ಟು, ನಿಂತಲ್ಲೇ ತೂಗಿದೆ. ಗುಡ್ಡದ ಮೇಲಿನ ಆಶ್ರಮಕ್ಕೆ ನಡೆದು ಹೋಗುತ್ತಿದ್ದ ಹೆಂಗಸರು ಕೂಗತೊಡಗಿದರು.

"ಬಿಡಬ್ಯಾಡ ತಂಗೀ! ತುಳಿ, ತುಳಿ!"

ತುಳಿದೆ. ಚಕ್ರ ಜಲ್ಲಿಯಿಂದ ಡಾಂಬರಿಗೆ ಹತ್ತಿತು. ಆಮೇಲೆ ಮೇಲೆ ಮುಟ್ಟುವವರೆಗೂ ನಿಲ್ಲಲಿಲ್ಲ.

ತಿರುಗಿ ನೋಡಿದರೆ ಪ್ರಶಾಂತಣ್ಣ ಸೈಕಲ್ ತಳ್ಳಿಕೊಂಡು ಬರುತ್ತಿದ್ದ. "ಚೈನ್ ಬಿತ್ತು" ಎಂದ. ಇಷ್ಟು ವರ್ಷದ ಮೇಲೆ ಹೋದ ವಾರ ಫೋನಿನಲ್ಲೂ ಅದನ್ನೇ ಅಂದ. ಜೀಪು ಬರಲೇ ಇಲ್ಲ, ಬಂದದ್ದು ಎಮ್ಮೆ ಎಂದೂ ಸೇರಿಸಿದ. ಆಗಿನ ನನ್ನ ಡೈರಿಯಲ್ಲಿ ಜೀಪೂ ಇಲ್ಲ, ಎಮ್ಮೆಯೂ ಇಲ್ಲ. ಒಂದೇ ಸಾಲು: "ವರದಹಳ್ಳಿ. ಕಾಲು ಇಡಲಿಲ್ಲ. ಕೋಡುಬಳೆ ಪುಡಿಯಾಗಿತ್ತು." ಆಶ್ರಮದ ತೀರ್ಥದ ತಣ್ಣೀರು ಕುಡಿಯುತ್ತ ಆ ಪುಡಿಯನ್ನೇ ಮೂವರೂ ಮುಕ್ಕಿದೆವು. ಪ್ರಶಾಂತಣ್ಣನೇ ಹೆಚ್ಚು ತಿಂದ.

ಸೋಮವಾರ ರಫೀಕಣ್ಣ ಅಪ್ಪಯ್ಯನನ್ನು ಕೇಳಿದ: "ಯಾವ್ದು ಕೊಡ್ಲಿ?"

"ನನ್ನೆಂತಕ್ಕೆ ಕೇಳ್ತೀರಿ? ಹತ್ತಿಸಿದವಳ್ನ ಕೇಳಿ."

ನನ್ನ ವಿಷಯದಲ್ಲಿ ದೊಡ್ಡವರೊಬ್ಬರು ನನ್ನನ್ನೇ ಕೇಳಿದ್ದು ಅದೇ ಮೊದಲು. "ಇದು" ಎಂದೆ. ಕೈ ಆಗಲೇ ಬಾಗಿದ ಹ್ಯಾಂಡಲಿನ ಮೇಲಿತ್ತು.

ಒಂದು ವಾರದ ಆಯಸ್ಸಿನ ಆ ಟೈರುಗಳ ಮೇಲೆ ರಿಪ್ಪನ್‌ಪೇಟೆ, ಹೊಸನಗರ, ತೀರ್ಥಹಳ್ಳಿ ಎಲ್ಲ ಮುಟ್ಟಿ ಬಂದೆ. ಹುಲಿಕಲ್ ಘಾಟಿಯನ್ನೂ ಹತ್ತಿದೆ. ಓದಲು ವಿಶ್ವವಿದ್ಯಾಲಯಕ್ಕೆ ಹೋದ ವರ್ಷ ಅದು ಯಾರಿಗೋ ಹೋಯಿತು. ಯಾರಿಗೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಈಗ ಶಿವಮೊಗ್ಗದಲ್ಲಿ ಪಾಠ ಹೇಳುತ್ತೇನೆ. ಹೊಸದೊಂದು ರೋಡ್ ಬೈಕ್ ಕೊಳ್ಳಬೇಕೆಂದು ನೋಡತೊಡಗಿ ಮೂರು ತಿಂಗಳಾಯಿತು. ಗ್ರಾಂ ಲೆಕ್ಕದಲ್ಲಿ ತೂಕ ಬರೆದಿರುತ್ತಾರೆ, ಸಾವಿರ ಜನರ ಅಭಿಪ್ರಾಯ ಇರುತ್ತದೆ. ಓದುತ್ತೇನೆ, ಹೋಲಿಸುತ್ತೇನೆ, ಮುಚ್ಚುತ್ತೇನೆ. ಮನೆಯಲ್ಲೀಗ ಎಲ್ಲಕ್ಕೂ ನನ್ನನ್ನೇ ಕೇಳುತ್ತಾರೆ. ಯಾವ ಫ್ರಿಜ್ಜು, ಅಮ್ಮನ ಕಣ್ಣಿಗೆ ಯಾವ ಆಸ್ಪತ್ರೆ. "ನೋಡಿ ಹೇಳ್ತೀನಿ" ಎನ್ನುತ್ತೇನೆ. ಯಾರು ಬೇಡವೆಂದರೂ ನನಗೆ ಬೇಕಾದದ್ದನ್ನು ಉಸಿರೆಳೆಯುವ ಮೊದಲೇ ಹೇಳಿಬಿಟ್ಟ ಆ ವೇಗ, ಆ ಸೋಮವಾರದ ನಂತರ ನನಗೆ ಮತ್ತೆ ಬಂದಿಲ್ಲ.