ಅನಿವಾರ್ಯ ಎಂಬ ಕಿಂಡಿ

ಪಕ್ಕದ ಹಳೇ ಮನೆ ಕೆಡವುತ್ತಿದ್ದಾರೆ. ಜಯನಗರದಲ್ಲಿ ಇದೇನೂ ಸುದ್ದಿಯಲ್ಲ. ಕಿಟಕಿ ಹಾಕಿಕೊಂಡು ಟೀವಿ ಮುಂದೆ ಕೂತೆ. ಟೀವಿಯಲ್ಲೂ ಕೆಡವುತ್ತಿದ್ದರು, ಅಲ್ಲಿ ಮಾತ್ರ ವಿಮಾನದಿಂದ. ಎಲ್ಲೋ ದೂರದ ಒಂದು ಪುರಾತನ ನಗರ. ಕಿಟಕಿ ಸಂದಿಯಿಂದ ಸುಣ್ಣದ ಧೂಳು ನುಗ್ಗಿ ಮೂಗಿಗೆ ಸೀಮೆಸುಣ್ಣದ ವಾಸನೆ ಹೊಡೆಯಿತು. ಅಷ್ಟರಲ್ಲಿ ವಾರ್ತೆ ಓದುವಾಕೆ ಹೇಳಿದಳು: ದಾಳಿ ಸೇನೆಗೆ ಅನಿವಾರ್ಯವಾಗಿತ್ತಂತೆ. ಸೀಮೆಸುಣ್ಣ, ಅನಿವಾರ್ಯ... ಎರಡೂ ಸೇರಿದ್ದೇ ತಡ, ಹೈಸ್ಕೂಲಿನಲ್ಲಿ ನಮಗೆ ಸಮಾಜ ಪಾಠ ಹೇಳುತ್ತಿದ್ದ ಮೇಷ್ಟ್ರು ಕಣ್ಣ ಮುಂದೆ ಬಂದು ನಿಂತರು.

ಅನಿವಾರ್ಯ ಎಂಬ ಈ ನಾಲ್ಕಕ್ಷರದ ಮಹಾಶಯನ ಮೇಲೆ ಅವರಿಗೆ ಹಳೇ ಹಗೆ. ರಜಾ ಚೀಟಿಯಲ್ಲಿ ನಾವು ಅನಾದಿ ಕಾಲದಿಂದ ಬರೆಯುತ್ತಿದ್ದದ್ದು ಒಂದೇ: ಅನಿವಾರ್ಯ ಕಾರಣಗಳಿಂದ ಶಾಲೆಗೆ ಬರಲಾಗಲಿಲ್ಲ. ಮಿಕ್ಕ ಮೇಷ್ಟ್ರುಗಳು ರುಜು ಹಾಕಿ ಸುಮ್ಮನಾಗುತ್ತಿದ್ದರು. ಇವರು ಚೀಟಿ ವಾಪಸ್ ಕೊಡುತ್ತಿದ್ದರು.

"ಯಾರಿಗೋ ಅನಿವಾರ್ಯ? ಹೊಟ್ಟೆನೋವಾದ್ರೆ ಹೊಟ್ಟೆನೋವು ಅಂತ ಬರಿ. ಮ್ಯಾಟಿನಿಗೆ ಹೋಗಿದ್ರೆ ಮ್ಯಾಟಿನಿ ಅಂತ ಬರಿ, ಕ್ಷಮಿಸ್ತೀನಿ. ಈ ಪದದ ಹಿಂದೆ ಅವಿತ್ಕೊಂಡ್ರೆ ಮಾತ್ರ ಕ್ಷಮಿಸಲ್ಲ."

"ಮ್ಯಾಟಿನಿನೇ ಅನಿವಾರ್ಯ ಆಗೋಗಿತ್ತು ಸಾರ್," ಅಂದ ಹಿಂದಿನ ಸಾಲಿನ ಪುಣ್ಯಾತ್ಮನೊಬ್ಬ ಇಡೀ ಪೀರಿಯಡ್ಡು ಬೆಂಚಿನ ಮೇಲೆ ನಿಂತ.

ಹೆಡ್‌ಮಾಸ್ಟರು ನಿವೃತ್ತರಾಗುವ ವರ್ಷ ಅದು. ಆ ಕುರ್ಚಿಗೆ ಸರದಿ ಪ್ರಕಾರ ನಮ್ಮ ಮೇಷ್ಟ್ರೇ ಬರಬೇಕಿತ್ತು. ಇನ್‌ಸ್ಪೆಕ್ಟರು ಬಂದು ಪಾಠ ಕೇಳಿ ಹೂಂ ಅನ್ನುವುದೊಂದೇ ಬಾಕಿ. ಬಂದರು, ಹೆಡ್‌ಮಾಸ್ಟರ ಜೊತೆ ಹಿಂದಿನ ಬೆಂಚಿನಲ್ಲಿ ಗಂಭೀರವಾಗಿ ಕೂತರು. ಅವತ್ತಿನ ಪಾಠ, ಯುದ್ಧದ ನಿಯಮಗಳು. ಐತಿಹಾಸಿಕ ನಗರಗಳ ಮೇಲೆ, ಗುಡಿಗೋಪುರಗಳ ಮೇಲೆ ಬಾಂಬು ಹಾಕಬಾರದೆಂದು ರಾಷ್ಟ್ರಗಳು ಒಪ್ಪಿ ರುಜು ಮಾಡಿವೆ ಎಂದು ಪುಸ್ತಕದಲ್ಲಿತ್ತು.

"ಪುಸ್ತಕ ಇಲ್ಲಿಗೆ ಮುಗೀತು, ಒಪ್ಪಂದ ಮುಗೀಲಿಲ್ಲ," ಅಂದರು ಮೇಷ್ಟ್ರು. "ಸೇನೆಗೆ ಅನಿವಾರ್ಯ ಆದ್ರೆ ಹಾಕಬಹುದು ಅಂತ ಒಂದು ಕಿಂಡಿ ಬಿಟ್ಟಿದ್ದಾರೆ. ಆ ಕಿಂಡೀಲಿ ವಿಮಾನ ತೂರುತ್ತೆ. ಹೋದ ವಾರ ಬೇಗೂರಿನ ಗುಡೀಲಿ ಶಾಸನ ನೋಡಿದ್ರಲ್ಲ? ಸಾವಿರ ವರ್ಷದಿಂದ ಬೆಂಗಳೂರು ಅನ್ನೋ ಹೆಸರು ಆ ಕಲ್ಲಿನ ಮೇಲಿದೆ. ಅದೂ ಒಂದು ಕಾಳಗದ ಸುದ್ದೀನೇ. ಹೊಡೆದಾಡಿದೋರು ಹೋದ್ರು, ಕಲ್ಲು ಉಳೀತು. ಮೇಲಿಂದ ಒಂದೇ ಒಂದು ಬಾಂಬು ಬಿದ್ದಿದ್ರೆ?"

ಇನ್‌ಸ್ಪೆಕ್ಟರು ಕೆಮ್ಮಿದರು. "ಪುಸ್ತಕದಲ್ಲಿರೋದು ಹೇಳಿ ಮೇಷ್ಟ್ರೇ. ನಗರಗಳಿಗೆ ರಕ್ಷಣೆ ಇದೆ. ಮಕ್ಕಳಿಗೆ ಅಷ್ಟು ಸಾಕು."

"ಇಲ್ಲ ಸಾರ್. ಇಲ್ಲದ್ದನ್ನ ಇದೆ ಅಂತ ಹೇಗೆ ಹೇಳಲಿ?"

ಹೆಡ್‌ಮಾಸ್ಟರು ಕಣ್ಣಲ್ಲೇ ಬೇಡಿಕೊಂಡರು. ಒಂದು ಸಲ ತಲೆಯಾಡಿಸಿದ್ದರೆ ಕುರ್ಚಿ ಇವರದೇ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ 'ಅನಿವಾರ್ಯ' ಅಂತ ದೊಡ್ಡದಾಗಿ ಬರೆದು, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಎಳೆದರು...

ಕುರ್ಚಿ ಅವರಿಗಿಂತ ಕಿರಿಯರೊಬ್ಬರಿಗೆ ಹೋಯಿತು. ಅನಿವಾರ್ಯ ಕಾರಣಗಳಿಂದ, ಅಂತಲೇ ಇತ್ತಂತೆ ಆರ್ಡರಿನಲ್ಲಿ. ಮೇಷ್ಟ್ರು ಅದನ್ನೂ ರಜಾ ಚೀಟಿಯ ಹಾಗೆ ವಾಪಸ್ ಕಳಿಸಿದರು ಎಂದು ಜವಾನ ಊರೆಲ್ಲ ಹೇಳಿಕೊಂಡು ತಿರುಗಿದ. ಕೊನೆಗೂ ಬರೀ ಮೇಷ್ಟ್ರಾಗಿಯೇ ನಿವೃತ್ತರಾದರು.

ಹೊಟ್ಟೆ ಉರಿಯುವುದು ಇದಕ್ಕೇ. ಮೀಸೆ ಮೂಡದ ಹುಡುಗ ಒಂದು ಮಧ್ಯಾಹ್ನ ತಪ್ಪಿಸಿಕೊಂಡು ಕೊಟ್ಟರೆ ನಡೆಯದ ಕಾರಣವನ್ನು, ನೂರಾರು ತಲೆಮಾರು ಕಟ್ಟಿದ ಊರನ್ನು ಮಲಗಿಸಿದ ಮಹನೀಯರು ಕೊಟ್ಟರೆ ಜಗತ್ತು ತಲೆಬಾಗಿ ಸ್ವೀಕರಿಸುತ್ತದೆ. ಕೋಟು ತೊಟ್ಟು, ಬಾವುಟದ ಪಕ್ಕ ನಿಂತು, ವಿಷಾದವನ್ನೂ ವ್ಯಕ್ತಪಡಿಸುತ್ತಾರೆ. ಇವರನ್ನು ಬೆಂಚಿನ ಮೇಲೆ ನಿಲ್ಲಿಸುವವರೇ ಇಲ್ಲ.

ಟೀವಿಯಲ್ಲಿ ಸೋಪಿನ ಜಾಹೀರಾತು ಬಂತು. ಆ ಊರಿನ ಹೆಸರನ್ನು ನಾನು ಮೊದಲ ಸಲ ಕೇಳಿದ್ದೇ ಅದು ಬಿದ್ದ ದಿನ. ಅಲ್ಲಿ ಏನೇನಿತ್ತು, ಯಾವ ಕಲ್ಲಿನ ಮೇಲೆ ಯಾರು ಏನು ಬರೆಸಿದ್ದರು... ಮೇಷ್ಟ್ರಿಗೆ ಗೊತ್ತಿರುತ್ತಿತ್ತು. ಕೇಳೋಣವೆಂದರೆ ಅವರು ಹೋಗಿ ಎಷ್ಟೋ ವರ್ಷವಾಯಿತು. ಹೋಗಿ ನೋಡೋಣವೆಂದರೆ ಊರಿಲ್ಲ.