ಕೆಂಪು ಬಟ್ಟೆ ಇಲ್ಲದ ಬಾಟಲಿ

ದೊಡ್ಡಕ್ಕನ ಮೇಲೆ ಅವನಿಗೆ ಇವತ್ತಿಗೂ ಸಿಟ್ಟಿದೆ. ಬೈದಳು ಎಂದಲ್ಲ, ಚಾಡಿ ಹೇಳಿದಳು ಎಂದೂ ಅಲ್ಲ. ಅವನ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳು, ಅದಕ್ಕೆ. "ನನ್ನನ್ನ ಒಂದು ಮಾತು ಕೇಳಿದ್ಲಾ? ಕೇಳದೇನೆ ಉಪಕಾರ ಮಾಡೋಕೆ ಅವಳ್ಯಾರು?" ಎಂದು ಅವನು ಹೆಂಡತಿಯ ಎದುರು ಕೂಗಾಡುತ್ತಾನೆ. ಹೆಂಡತಿ ಪಾತ್ರೆ ಉಜ್ಜುವ ಕೈ ನಿಲ್ಲಿಸದೆ ಹೇಳುತ್ತಾಳೆ, "ಇಲ್ಲಿ ಕೂಗಿ ಏನು ಬಂತು? ಕೂಗಬೇಕಾದ ಕಡೆ ಬಾಯಿಗೆ ಬೀಗ ಹಾಕ್ಕೊಂಡು ಬಂದ್ರಲ್ಲ."

ಅವನು ಮಾಲ್‌ನಲ್ಲಿ ನೆಲ ಉಜ್ಜುವ ಮಿಷಿನ್ ಓಡಿಸುವವನು. ಜೊತೆಯವರು ಇಟ್ಟ ಹೆಸರು ಗುಡುಗಣ್ಣ. "ಮಿಷಿನ್ನಿಗಾದ್ರೂ ಒಂದು ಸ್ವಿಚ್ ಇದೆ, ನಮ್ಮ ಗುಡುಗಣ್ಣನಿಗೆ ಅದೂ ಇಲ್ಲ" ಎಂದು ಗಾಜು ಒರೆಸುವವರು ಆಡಿಕೊಳ್ಳುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ. ಆ ಕೋಪ ಅವನಿಂದ ಮೂರು ಕೆಲಸ ಬಿಡಿಸಿತ್ತು. ಒಂದು ಕಡೆ ಮೇಸ್ತ್ರಿಯ ಕೊರಳಪಟ್ಟಿ ಹಿಡಿದಿದ್ದ, ಇನ್ನೊಂದು ಕಡೆ ಮಾಲೀಕನ ಎದುರೇ ಬಕೆಟ್ ಒದ್ದು ಬಂದಿದ್ದ. ಮೂರನೆಯದು ಏಕೆ ಹೋಯಿತೆಂದು ಹೆಂಡತಿಗೂ ಹೇಳಿಲ್ಲ. ನಾಲ್ಕನೆಯದಾಗಿ ಈ ಮಾಲ್ ಸಿಕ್ಕಿದಾಗ ಅವಳು ಬಾಗಿಲಲ್ಲಿ ನಿಂತು, "ಇದನ್ನೂ ಕಳ್ಕೊಂಡು ಬಂದ್ರೆ ಮನೆಗೆ ಬರ್ಬೇಡಿ" ಎಂದಿದ್ದಳು.

ಕೆಲಸ ಕಲಿಸಿದವಳು ದೊಡ್ಡಕ್ಕ, ಅಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಹಾಗೆ. ಶೌಚಾಲಯಗಳು ಅವಳ ಪಾಲಿನವು, ಹತ್ತೊಂಬತ್ತು ವರ್ಷದಿಂದ. ಕಟ್ಟಡಕ್ಕೆ ಬೀಗದ ಕೈ ಬರುವ ಮೊದಲೇ ತಾನು ಬಂದವಳು ಎನ್ನುತ್ತಿದ್ದಳು. ಓಡುವ ಮೆಟ್ಟಿಲಿನ ಕೈಹಿಡಿಯನ್ನು ಅವನು ಮೊದಲ ದಿನ ಮೇಲಿನಿಂದ ಕೆಳಗಿನವರೆಗೆ ಏದುಸಿರು ಬಿಡುತ್ತ ಒರೆಸುವುದನ್ನು ನೋಡಿ ಅವಳು ಸೊಂಟ ಹಿಡಿದುಕೊಂಡು ನಕ್ಕಿದ್ದಳು. "ಲೋ ತಮ್ಮಾ, ಬಟ್ಟೆ ಹಿಡ್ಕೊಂಡು ಒಂದೇ ಕಡೆ ನಿಂತ್ಕೋ. ಅದೇ ಓಡಿ ಬಂದು ಒರೆಸ್ಕೊಂಡು ಹೋಗುತ್ತೆ." ನೆಲಕ್ಕೆ ಅಂಟಿದ ಚೂಯಿಂಗ್ ಗಮ್ಮಿಗೆ ಐಸ್ ತಿಕ್ಕಿ, ಅದು ಗಟ್ಟಿಯಾದ ಮೇಲೆ ಕೆರೆಯಬೇಕೆಂದು ಹೇಳಿಕೊಟ್ಟವಳೂ ಅವಳೇ. ಅವನು ಯಾರ ಮೇಲಾದರೂ ಎಗರಿ ಬಂದ ದಿನ ತನ್ನ ಬುತ್ತಿಯನ್ನು ಅವನ ಕಡೆ ತಳ್ಳಿ, "ಮೊದ್ಲು ಹೊಟ್ಟೆಗೆ ಹಾಕು, ಆಮೇಲೆ ಜಗಳ ಆಡು" ಎನ್ನುತ್ತಿದ್ದಳು.

ಅಲ್ಲಿನವರದೇ ಒಂದು ಪದ್ಧತಿ ಇತ್ತು. ಅವರನ್ನು ಕೆಲಸಕ್ಕೆ ಇಟ್ಟಿದ್ದ ಏಜೆನ್ಸಿಯಿಂದ ಆಸಿಡ್ ದೊಡ್ಡ ಕ್ಯಾನಿನಲ್ಲಿ ಬರುತ್ತಿತ್ತು, ಮಹಡಿಗೆ ಒಂದರಂತೆ. ಹದಿನೈದು ಶೌಚಾಲಯಕ್ಕೆ ಆ ಕ್ಯಾನ್ ಹೊತ್ತು ತಿರುಗುವವರು ಯಾರು? ಗಿರಾಕಿಗಳು ಬಿಸಾಡಿದ ನೀರಿನ ಬಾಟಲಿ ತೊಳೆದು ಅದರಲ್ಲಿ ತುಂಬಿಕೊಳ್ಳುತ್ತಿದ್ದರು. ಗುರುತಿಗೆ ಬಾಟಲಿಯ ಕುತ್ತಿಗೆಗೆ ಬಟ್ಟೆಯ ಚೂರು. ಕೆಂಪು ಕಟ್ಟಿದ್ದರೆ ಆಸಿಡ್, ನೀಲಿ ಕಟ್ಟಿದ್ದರೆ ಗಾಜಿಗೆ ಹಾಕುವ ಔಷಧಿ, ಏನೂ ಕಟ್ಟಿರದಿದ್ದರೆ ಬರೀ ನೀರು. ಬಾಯಾರಿದರೆ ಕುಡಿಯುತ್ತಿದ್ದುದೂ ಅದನ್ನೇ. ಓದು ಬರಹ ಬಾರದವರೇ ಹೆಚ್ಚಿದ್ದ ಜಾಗದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಯಾರಿಗೂ ಹೊಳೆದಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ತಪ್ಪಾಗಿರಲಿಲ್ಲ.

ಆ ದಿನ ಬೆಳಗ್ಗೆ ಮಾಲೀಕರು ಬರುವವರಿದ್ದರು. ಬಾಗಿಲು ತೆರೆಯಲು ಇನ್ನೂ ಒಂದೂವರೆ ಗಂಟೆ ಇತ್ತು. ಮಿಷಿನ್ನಿನ ವೈರು ಹಿಡಿಯಿಂದ ಕಳಚಿ ನೆಲದ ಮೇಲೆ ಎಳೆದಾಡುತ್ತಿತ್ತು. ಚಕ್ರಕ್ಕೆ ಸಿಕ್ಕಿದರೆ ಕತ್ತರಿಸಿಹೋಗುತ್ತದೆ. ಕಟ್ಟಲು ದಾರ ಹುಡುಕಿದ, ಸಿಗಲಿಲ್ಲ. ಶೌಚಾಲಯದ ಬಾಗಿಲಲ್ಲಿ ದೊಡ್ಡಕ್ಕನ ತಳ್ಳುಗಾಡಿ ನಿಂತಿತ್ತು, ಅವಳು ಒಳಗೆ ಬಕೆಟ್ ತುಂಬಿಸುತ್ತಿದ್ದಳು. ಗಾಡಿಯಲ್ಲಿದ್ದ ಒಂದು ಬಾಟಲಿಯ ಕೆಂಪು ಚೂರನ್ನು ಬಿಚ್ಚಿ ವೈರನ್ನು ಹಿಡಿಗೆ ಕಟ್ಟಿದ. ಬೇರೆ ಬಟ್ಟೆ ಹರಿದು ಬಾಟಲಿಗೆ ಈಗಲೇ ಕಟ್ಟಿಬಿಡೋಣ ಎಂದುಕೊಂಡ. ಅಷ್ಟರಲ್ಲಿ ಸೂಪರ್‌ವೈಸರ್ ನಡುಅಂಗಳದಿಂದ ಕೂಗಿದ, "ಏಯ್, ಇಲ್ಲಿ ಯಾರೋ ಜ್ಯೂಸ್ ಚೆಲ್ಲಿದ್ದಾರೆ, ಬಾರೋ ಬೇಗ!"

'ಬಾರೋ' ಎಂದದ್ದೇ ಸಾಕಾಯಿತು, ಅವನಿಗೆ ತಲೆ ಬಿಸಿಯಾಯಿತು. ಬಾಟಲಿಯ ನೆನಪು ಅಲ್ಲಿಗೆ ಹಾರಿಹೋಯಿತು. ದಡದಡ ಹೋಗಿ ನೋಡಿದರೆ, ಮೇಲೆ ಅಲಂಕಾರ ಕಟ್ಟಲು ಬಂದವರು ಚೆಲ್ಲಿದ ಜ್ಯೂಸ್ ಬಿಳಿ ಮಾರ್ಬಲ್ಲಿನ ಮೇಲೆ ಅಂಟಂಟಾಗಿ ಒಣಗಿತ್ತು. "ನಿಮಗೆ ಮರ್ಯಾದೆ ಕೊಟ್ಟು ಮಾತಾಡೋಕೆ ಬರಲ್ವಾ?" ಎಂದು ಸೂಪರ್‌ವೈಸರ್‌ಗೆ ಜೋರು ಮಾಡುತ್ತಲೇ ಹಿಂದಿರುಗಿದ. ಗಾಡಿಯಲ್ಲಿ ಬಟ್ಟೆ ಕಟ್ಟಿರದ ಬಾಟಲಿ ಕಣ್ಣಿಗೆ ಬಿತ್ತು. ನೀರೆಂದು ಎತ್ತಿಕೊಂಡು ಹೋಗಿ ಜ್ಯೂಸಿನ ಮೇಲೆ ಸುರಿದ.

ಕಲ್ಲು ಬುಸ್ ಎಂದಿತು. ಬಿಳಿ ನೊರೆ ಎದ್ದಿತು. ವಾಸನೆ ಮೂಗಿಗೆ ಬಡಿದಾಗ ಏನು ಸುರಿದೆನೆಂದು ತಿಳಿಯಿತು. ಬಕೆಟ್ಟುಗಟ್ಟಲೆ ನೀರು ಹಾಕಿದ, ಮಂಡಿಯೂರಿ ಒರೆಸಿದ. ಕೊಳೆಯಾದರೆ ಹೋಗುತ್ತದೆ, ಕಲ್ಲನ್ನೇ ತಿಂದಿದ್ದು ಎಲ್ಲಿಗೆ ಹೋಗುತ್ತದೆ? ಮುಖ ಕಾಣುವಂತೆ ಅವನೇ ಏಳು ವರ್ಷ ಉಜ್ಜಿದ ನೆಲದಲ್ಲಿ ತಟ್ಟೆಯಗಲದ ಒರಟು ಕಲೆ ಉಳಿಯಿತು.

ಸೂಪರ್‌ವೈಸರ್ ಬಾಟಲಿ ಎತ್ತಿ ಮೂಸಿ, ಕಲೆಯನ್ನು ಮರೆತೇಬಿಟ್ಟ. "ಗುರುತಿಲ್ಲದ ಬಾಟಲಿಯಲ್ಲಿ ಆಸಿಡ್ ಇಟ್ಟಿದ್ದು ಯಾರು? ಯಾರಾದ್ರೂ ಕುಡಿದಿದ್ರೆ? ಮಗು ಕುಡಿದಿದ್ರೆ?"

ಗುಡುಗಣ್ಣ ಶೌಚಾಲಯದ ಬಾಗಿಲ ಕಡೆ ತಿರುಗಿದ. ಮಗುವಲ್ಲ, ಅದನ್ನು ಕುಡಿಯಬಹುದಾಗಿದ್ದವಳು ದೊಡ್ಡಕ್ಕ. ಬಕೆಟ್ ತುಂಬಿಸಿ ಬಂದ ಕೂಡಲೇ ಒಂದು ಗುಟುಕು ಕುಡಿಯುವುದು ಅವಳ ಅಭ್ಯಾಸ.

ಅವಳು ಸದ್ದು ಕೇಳಿ ಹೊರಗೆ ಬಂದು ನಿಂತಿದ್ದಳು. ಬಾಟಲಿ ನೋಡಿದಳು, ಆಮೇಲೆ ಮಿಷಿನ್ನಿನ ಹಿಡಿಗೆ ಕಟ್ಟಿದ್ದ ಕೆಂಪು ಚೂರನ್ನು ನೋಡಿದಳು, ಕೊನೆಗೆ ಅವನ ಮುಖ ನೋಡಿದಳು.

"ನಂದೇ ಸಾರ್. ಬಟ್ಟೆ ಕಟ್ಟೋದು ಮರೆತೆ."

ಹೀಗೆಂದು ಮತ್ತೆ ಅವನ ಕಡೆಗೇ ನೋಡುತ್ತ ನಿಂತಳು. ಅವನು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿದ. ಹಿಂಡಲು ಅದರಲ್ಲಿ ನೀರೇ ಉಳಿದಿರಲಿಲ್ಲ, ಆದರೂ ಹಿಂಡಿದ.

ಮಧ್ಯಾಹ್ನಕ್ಕೆ ಅವಳ ಗುರುತಿನ ಚೀಟಿ ಕಿತ್ತುಕೊಂಡರು. ಮಾರನೆಯ ದಿನ ಕೆಲಸದವರ ಬಾಗಿಲ ಬಳಿಯ ಹಲಗೆಯಲ್ಲಿ ಅವಳ ಫೋಟೋ ಬಂತು, ಕೆಳಗೆ ದಪ್ಪ ಅಕ್ಷರದಲ್ಲಿ: ಇವರನ್ನು ಎಲ್ಲಿಯೂ ಕೆಲಸಕ್ಕೆ ತೆಗೆದುಕೊಳ್ಳಬಾರದು. ಆ ಏಜೆನ್ಸಿಯ ಕೈಯಲ್ಲಿ ಎರಡು ಆಸ್ಪತ್ರೆ, ಒಂದು ರೈಲು ನಿಲ್ದಾಣ, ಎಷ್ಟೋ ಕಚೇರಿಗಳಿದ್ದವು. ಎಲ್ಲ ಬಾಗಿಲಿಗೂ ಅದೇ ಫೋಟೋ ಹೋಯಿತು. ತೊಳೆದು ಒರೆಸುವುದು ಬಿಟ್ಟರೆ ಅವಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

ಒಂದು ಮಾತು ಹೇಳಿದ್ದರೆ ಆ ಫೋಟೋ ಇಳಿಯುತ್ತಿತ್ತು. ಅವನು ಸೂಪರ್‌ವೈಸರ್‌ನ ಕೋಣೆಗೆ ಹೋಗಲಿಲ್ಲವೆಂದಲ್ಲ, ಮೂರು ಸಲ ಹೋದ. "ಹತ್ತೊಂಬತ್ತು ವರ್ಷ ದುಡಿದವಳ ಫೋಟೋ ಕಳ್ಳರ ಹಾಗೆ ಅಂಟಿಸ್ತೀರಾ? ಮನುಷ್ಯರಾ ನೀವು?" ಎಂದು ಮೇಜು ಗುದ್ದಿದ. ಕಿಟಕಿಯ ಗಾಜು ನಡುಗಿತು. ಹೊರಗೆ ನಿಂತು ಕೇಳಿದವರು ಭಲೇ ಎಂದರು. ಅಷ್ಟೆಲ್ಲ ಕೂಗಿದವನ ಬಾಯಿಂದ 'ಬಿಚ್ಚಿದ್ದು ನಾನು' ಎಂಬ ಎರಡು ಪದ ಮಾತ್ರ ಹೊರಗೆ ಬರಲಿಲ್ಲ.

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದ್ದ. ಅವಳು ಆ ರಾತ್ರಿ ಊಟ ಮಾಡಲಿಲ್ಲ. "ಕೆಲಸ ಹೋಗುತ್ತೆ ಕಣೇ. ಮನೆಗೆ ಬರ್ಬೇಡಿ ಅಂದವಳು ನೀನೇ" ಎಂದು ಅವಳ ಮೇಲೆಯೇ ಹಾಕಲು ನೋಡಿದ.

"ನಾನು ಅಂದಿದ್ದು ನಿಮ್ಮ ಕೋಪಕ್ಕೆ" ಎಂದಳು. "ನಿಮ್ಮ ಹೇಡಿತನಕ್ಕಲ್ಲ."

ಅವನಿಗೆ ಹೊಡೆಯುವಷ್ಟು ಕೋಪ ಬಂತು. ಹೊಡೆಯಲಿಲ್ಲ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ.

ಐದು ತಿಂಗಳಾದ ಮೇಲೆ ಗಾಜು ಒರೆಸುವವನೊಬ್ಬ ಸುದ್ದಿ ತಂದ. ದೊಡ್ಡಕ್ಕ ಹಳೆಯ ಬಸ್ ನಿಲ್ದಾಣದ ಶೌಚಾಲಯದಲ್ಲಿದ್ದಾಳೆ, ಏಜೆನ್ಸಿಯ ಲೆಕ್ಕಕ್ಕಲ್ಲ, ಯಾರದೋ ಬದಲಿಯಾಗಿ. ಭಾನುವಾರ ಅವನು ಹೋದ. ನಲ್ಲಿಯಲ್ಲಿ ನೀರಿಲ್ಲ, ಹೊರಗಿನ ತೊಟ್ಟಿಯಿಂದ ಕೊಡದಲ್ಲಿ ಹೊತ್ತು ತರಬೇಕು. ಅವಳು ಕೊಡವನ್ನು ಮೆಟ್ಟಿಲಿಗೆ ಒಮ್ಮೆ ಇಳಿಸಿ, ಸೊಂಟಕ್ಕೆ ಕೈ ಕೊಟ್ಟು ನಿಂತು ಸುಧಾರಿಸಿಕೊಳ್ಳುತ್ತಿದ್ದಳು. ಕಾಲಲ್ಲಿ ಬೂಟಿಲ್ಲ, ಕೈಗೆ ಗ್ಲೌಸಿಲ್ಲ. ಬೆರಳ ಸಂದಿಯಲ್ಲಿ ಚರ್ಮ ಸುಲಿದಿತ್ತು.

"ಏನು ತಮ್ಮಾ, ದಾರಿ ತಪ್ಪಿ ಬಂದ್ಯಾ?" ಎಂದಳು.

ಮೆತ್ತಗೆ ಮಾತನಾಡಬೇಕೆಂದೇ ಬಂದವನು, ಆ ಕೈ ನೋಡಿ ಉರಿದುಬಿದ್ದ. "ನಿನಗ್ಯಾಕೆ ಬೇಕಿತ್ತಕ್ಕ? ಯಾರು ನಿನ್ನನ್ನ ಸುಳ್ಳು ಹೇಳು ಅಂದ್ರು? ನನ್ನ ತಪ್ಪು ನನಗೆ ಬಿಟ್ಟಿದ್ರೆ ಆಗ್ತಿರ್ಲಿಲ್ವಾ?"

"ಕೂಗಬೇಡ, ಜನ ಇದ್ದಾರೆ." ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಾನೇನು ಪೂರ್ತಿ ಹೊತ್ಕೊಳ್ಳೋಕೆ ಹೇಳಿದ್ದಾ? ನಾನು ಹಾಗಂದ ತಕ್ಷಣ ನೀನು ಎಗರಿ ಬೀಳ್ತೀಯ ಅಂದ್ಕೊಂಡಿದ್ದೆ. 'ಅಲ್ಲ, ಬಿಚ್ಚಿದ್ದು ನಾನು' ಅಂತ ಕಟ್ಟಡ ಹಾರಿಹೋಗೋ ಹಾಗೆ ಕೂಗ್ತೀಯ ಅಂದ್ಕೊಂಡಿದ್ದೆ. ಇಬ್ಬರೂ ನಂದು ನಂದು ಅಂದ್ರೆ ಅವರು ಯಾರನ್ನ ತಾನೆ ಕಳಿಸ್ತಾರೆ? ಬೈದು ಬಿಡ್ತಾರೆ ಅಂತ ನನ್ನ ಲೆಕ್ಕಾಚಾರ. ನಿನ್ನ ಬಾಯಿ ನನಗೆ ಗೊತ್ತಿಲ್ವಾ?" ಸ್ವಲ್ಪ ನಕ್ಕಳು. "ಏಳು ವರ್ಷದಲ್ಲಿ ಒಂದು ದಿನ ಮುಚ್ಚದ ಬಾಯಿ. ಅವತ್ತೇ ಮುಚ್ಚಿಬಿಟ್ತಲ್ಲೋ."

ಅವಳು ಕೊಟ್ಟದ್ದು ಉಪಕಾರವಲ್ಲ, ಅವನ ಮೇಲಿನ ನಂಬಿಕೆ ಎಂದು ಅಷ್ಟು ತಿಂಗಳು ಅವನಿಗೆ ಹೊಳೆದೇ ಇರಲಿಲ್ಲ.

"ನಾಳೆನೇ ಹೇಳ್ತೀನಕ್ಕ. ನನ್ನ ಕೆಲಸ ಹೋದ್ರೆ ಹೋಗ್ಲಿ. ನಿನ್ನ ಫೋಟೋ ಇಳಿಸಿಯೇ ಬರ್ತೀನಿ."

"ಅದೊಂದು ಮಾಡು" ಎಂದಳು. "ಆಸ್ಪತ್ರೇಲಿ ಜಾಗ ಇದೆಯಂತೆ, ನಲ್ಲೀಲಿ ನೀರು ಬರುತ್ತಂತೆ. ಫೋಟೋ ನೋಡಿ ಬಾಗಿಲಲ್ಲೇ ಓಡಿಸಿದ್ರು." ಕೊಡ ಎತ್ತಲು ಅವನು ಕೈ ಹಾಕಿದಾಗ ಬೇಡವೆಂದು ತಾನೇ ಎತ್ತಿಕೊಂಡಳು.

ಸೋಮವಾರ ಹೇಳಲಿಲ್ಲ, ಅಂದು ಮಿಷಿನ್ ಕೆಟ್ಟಿತ್ತು. ಮಾರನೆಯ ದಿನ ಸೂಪರ್‌ವೈಸರ್ ರಜೆ. ಆಮೇಲೆ ತಿಂಗಳ ಕೊನೆ ಬರಲಿ ಎಂದುಕೊಂಡ. ತಿಂಗಳ ಕೊನೆಗೆ ಏಜೆನ್ಸಿಯೇ ಬದಲಾಯಿತು. ಹಸಿರು ಅಂಗಿ ಹೋಗಿ ಬೂದು ಅಂಗಿ ಬಂತು. ಹಳೆಯ ಹಲಗೆ ಕಿತ್ತುಹಾಕಿದರು. ಹೊಸ ಸೂಪರ್‌ವೈಸರ್ ಎದುರು ನಿಂತು ಅವನು ಕೊನೆಗೂ ಬಾಯಿ ಬಿಟ್ಟ. ಆ ಹೆಂಗಸು ಪೂರ್ತಿ ಕೇಳಿ, "ಯಾವ ದೊಡ್ಡಕ್ಕ? ನಮ್ಮ ಪಟ್ಟಿಯಲ್ಲಿ ಆ ಹೆಸರೇ ಇಲ್ಲವಲ್ಲ" ಎಂದಳು. ಅವನ ಕೆಲಸವೂ ಹೋಗಲಿಲ್ಲ.

ಆಸ್ಪತ್ರೆಗಳು ಹಳೆಯ ಏಜೆನ್ಸಿಯ ಕೈಯಲ್ಲೇ ಇದ್ದವು. ಅವನು ಹಳೆಯ ಸೂಪರ್‌ವೈಸರ್‌ಗೆ ಫೋನ್ ಮಾಡಿದ. ಆ ಎರಡು ಪದ ಹೇಳಿದ, ಎರಡು ಸಲ ಹೇಳಿದ.

ಆ ಕಡೆ ನಗು ಕೇಳಿಸಿತು. "ಬಿಡಪ್ಪಾ ಗುಡುಗಣ್ಣ. ಅವಳಿಗೋಸ್ಕರ ಮೂರು ಸಲ ನನ್ನ ಮೇಜು ಮುರಿಯೋಕೆ ಬಂದವನು ನೀನು. ನೀನೇ ಮಾಡಿದ್ರೆ ಅವತ್ತೇ ಹೇಳ್ತಿರ್ಲಿಲ್ವಾ? ಒಳ್ಳೆಯವನು ನೀನು. ಆದ್ರೆ ಅವಳನ್ನ ಉಳಿಸೋಕೆ ಇಂಥ ಸುಳ್ಳು ಹೇಳ್ಬೇಡ."

"ಸುಳ್ಳಲ್ಲ!" ಎಂದು ಅವನು ಬೀದಿಯೇ ತಿರುಗಿ ನೋಡುವಂತೆ ಕಿರುಚಿದ. ಫೋನ್ ಕಟ್ಟಾಗಿತ್ತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಆಮೇಲೆ ಅವನು ಹಳೆಯ ಬಸ್ ನಿಲ್ದಾಣದ ಕಡೆ ಕಾಲಿಡಲಿಲ್ಲ. ಬರಿಗೈಯಲ್ಲಿ ಹೋಗಿ ಏನು ಹೇಳುವುದು? ಕೆಲಸಕ್ಕೆ ಹೋಗುವ ಬಸ್ಸು ಆ ನಿಲ್ದಾಣದೊಳಗೇ ಹೊಕ್ಕು ಹೋಗುತ್ತದೆಂದು ಈಗ ಬೇರೆ ಬಸ್ಸು ಹಿಡಿದು ಅರ್ಧ ಗಂಟೆ ನಡೆಯುತ್ತಾನೆ. ಭಾನುವಾರ ಬೆಳಗ್ಗೆ ಹೆಂಡತಿ ಒಗೆದ ಅಂಗಿಯನ್ನು ಮುಂದೆ ಇಡುತ್ತಾಳೆ. ಅವನು ಹಾಕಿಕೊಂಡು ಹೊರಡುತ್ತಾನೆ, ಮೂಲೆಯ ಚಹಾದಂಗಡಿಯಲ್ಲಿ ಮಧ್ಯಾಹ್ನದವರೆಗೂ ಕೂತು ವಾಪಸು ಬರುತ್ತಾನೆ.

"ಸಿಕ್ಕಿದ್ಲಾ?" ಎಂದು ಅವಳು ಕೇಳುತ್ತಾಳೆ.

"ಹೋದ್ರೆ ಇರ್ಲಿಲ್ಲ" ಎನ್ನುತ್ತಾನೆ.